ಔಷಧಿಗಿಂತ ಅದನ್ನ ಹೊತ್ತು ತರೋ ಜಿಡ್ಡು, ಜೆಲ್ಲು, ಬಟ್ಟೆ: ಅಸಲಿ ಸುದ್ದಿ ಅದೇ ಅಲ್ವಾ?

ಪೀಣ್ಯ_ಕ್ಯೂಸಿ

2025ರಲ್ಲಿ ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಒಂದು ಕೂಸಿಗೆ, ಅದೊಂದಕ್ಕೋಸ್ಕರವೇ ತಯಾರಿಸಿದ ಜೀನ್ ತಿದ್ದುಪಡಿ ಚಿಕಿತ್ಸೆ ಕೊಟ್ಟ ಸುದ್ದಿ ಬಹಳ ಜನ ಓದಿರ್ತೀರಿ. ಸಿಪಿಎಸ್1 ಅನ್ನೋ ಕಿಣ್ವದ ಕೊರತೆ. ಪ್ರೋಟೀನ್ ಜೀರ್ಣವಾದಾಗ ಹುಟ್ಟೋ ಅಮೋನಿಯಾವನ್ನ ಲಿವರ್ ಯೂರಿಯಾ ಮಾಡಿ ಸಾಗಹಾಕೋಕೆ ಆಗಲ್ಲ, ಅದು ರಕ್ತದಲ್ಲಿ ಏರಿ ಮಿದುಳನ್ನ ಕೆಡಿಸುತ್ತೆ. ಆರು ತಿಂಗಳಲ್ಲಿ ಔಷಧಿ ಸಿದ್ಧ ಮಾಡಿ ಫೆಬ್ರವರಿಯಲ್ಲಿ ಮೊದಲ ಡೋಸ್ ಕೊಟ್ಟರು. ಪತ್ರಿಕೆಗಳೆಲ್ಲ ಜೀನ್ ತಿದ್ದೋ ತಂತ್ರ ಕ್ರಿಸ್ಪರ್, ಕ್ರಿಸ್ಪರ್ ಅಂತ ಬರೆದವು. ಆ ತಿದ್ದುವ ಸಾಮಾನು ಮಗುವಿನ ಲಿವರ್ ತನಕ ಹೋಗಿದ್ದು ಹೇಗೆ ಅಂತ ಬರೆದವರು ಕಮ್ಮಿ.

ಹೋಗಿದ್ದು ಲಿಪಿಡ್ ನ್ಯಾನೋ ಕಣದಲ್ಲಿ. 100 ನ್ಯಾನೋಮೀಟರ್ ಆಸುಪಾಸಿನ ಜಿಡ್ಡಿನ ಉಂಡೆ. ಅದರಲ್ಲಿ ಕೊಲೆಸ್ಟೆರಾಲ್ ಇದೆ, ಒಂದು ಫಾಸ್ಫೋಲಿಪಿಡ್ ಇದೆ, ಹೊರಮೈಗೆ ಪೆಗ್ ಪಾಲಿಮರ್ ಸಿಕ್ಕಿಸಿದ ಲಿಪಿಡ್ ಇದೆ. ಆಟ ಆಡೋದು ನಾಲ್ಕನೆಯದು. ರಕ್ತದ ಪಿಎಚ್ 7.4ರಲ್ಲಿ ಅದಕ್ಕೆ ಹೆಚ್ಚುಕಮ್ಮಿ ಯಾವ ವಿದ್ಯುದಾವೇಶವೂ ಇರಲ್ಲ, ತೆಪ್ಪಗೆ ಹೋಗ್ತಿರುತ್ತೆ. ಜೀವಕೋಶ ಕಣವನ್ನ ನುಂಗಿ ಒಳಗಿನ ಚೀಲದಲ್ಲಿ ಇಟ್ಟುಕೊಂಡಾಗ ಅಲ್ಲಿ ಆಮ್ಲ ಜಾಸ್ತಿ. ಆಗ ಈ ಲಿಪಿಡ್‌ಗೆ ಧನಾವೇಶ ಬರುತ್ತೆ, ಚೀಲದ ಪೊರೆಯಲ್ಲಿರೋ ಋಣಾವೇಶದ ಲಿಪಿಡ್‌ಗಳನ್ನ ಹಿಡಿದು ಪೊರೆಯನ್ನೇ ಕಲಕಿಬಿಡುತ್ತೆ. ಒಳಗಿದ್ದ ಆರ್‌ಎನ್‌ಎ, ಅಂದ್ರೆ ತಿದ್ದುವ ಸಾಮಾನಿನ ಆದೇಶ, ಹೊರಗೆ ಬೀಳುತ್ತೆ. ಬೀಳೋದೂ ಚೂರೇ ಚೂರು. 2013ರಲ್ಲಿ ಎಸ್‌ಐಆರ್‌ಎನ್‌ಎ (ಜೀನಿನ ಬಾಯಿ ಮುಚ್ಚಿಸೋ ಪುಟ್ಟ ಆರ್‌ಎನ್‌ಎ) ಹೊತ್ತ ಕಣಗಳ ಮೇಲೆ ಅಳೆದು ನೋಡಿದಾಗ ಚೀಲದಿಂದ ತಪ್ಪಿಸಿಕೊಂಡದ್ದು ಶೇ 1ರಿಂದ 2 ಮಾತ್ರ. ಉಳಿದದ್ದೆಲ್ಲ ಅಲ್ಲೇ ಹಾಳು.

ಇನ್ನೊಂದು ವಿಷಯ. ರಕ್ತಕ್ಕೆ ಬಿದ್ದ ಕೂಡಲೇ ಈ ಕಣದ ಮೈಗೆ ಅಪೊಇ ಅನ್ನೋ ಪ್ರೋಟೀನ್ ಅಂಟಿಕೊಳ್ಳುತ್ತೆ. ಲಿವರ್ ಕೋಶಗಳು ಅದನ್ನ ಕೊಬ್ಬಿನ ಕಣ ಅಂದುಕೊಂಡು ಒಳಗೆ ಎಳ್ಕೊಳ್ತವೆ. 2018ರಲ್ಲಿ ಒಪ್ಪಿಗೆ ಪಡೆದ, ಇಂಥದ್ದೇ ಕಣದಲ್ಲಿ ಬರೋ ಪಾಟಿಸಿರಾನ್ ಕೂಡ ಲಿವರ್‌ಗೆ ಹೋಗೋ ಔಷಧಿ. ಈ ಮಗುವಿನ ರೋಗವೂ ಲಿವರ್‌ದೇ. ಇದು ಕಾಕತಾಳೀಯ ಅಲ್ಲ. ಯಾವ ರೋಗಕ್ಕೆ ಮೊದಲು ಮದ್ದು ಬರಬೇಕು ಅನ್ನೋದನ್ನ ಜೀನ್ ತಜ್ಞರಿಗಿಂತ ಜಾಸ್ತಿ ಈ ಜಿಡ್ಡೇ ತೀರ್ಮಾನ ಮಾಡ್ತಿದೆ. ಸಿಕಲ್ ಸೆಲ್ ಅನ್ನೋ ರಕ್ತದ ಕಾಯಿಲೆಗೆ 2023ರಲ್ಲಿ ಒಪ್ಪಿಗೆಯಾದ ಜೀನ್ ತಿದ್ದುಪಡಿ ಚಿಕಿತ್ಸೆ ಕ್ಯಾಸ್ಗೆವಿ ನೋಡಿ. ಮೂಳೆಮಜ್ಜೆಯ ಕೋಶಗಳು ದೇಹದ ಒಳಗಿದ್ದ ಹಾಗೇ ಅವಕ್ಕೆ ತಲುಪಿಸೋ ನೆಚ್ಚಿನ ದಾರಿ ಇಲ್ಲದ್ದಕ್ಕೇ ಕೋಶಗಳನ್ನ ಹೊರಗೆ ತೆಗೆದು, ತಿದ್ದಿ, ಕೀಮೋ ಕೊಟ್ಟು ಜಾಗ ಮಾಡಿ, ಮತ್ತೆ ಹಾಕಬೇಕು.

ಔಷಧ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವನು ನಾನು. ವಯಲ್ ಎತ್ತಿ ದೀಪದ ಕೆಳಗೆ ಹಿಡಿದು, ಮೆಲ್ಲಗೆ ತಿರುಗಿಸಿ, ಮೊದಲು ಕಪ್ಪು ಹಲಗೆ ಮುಂದೆ, ಆಮೇಲೆ ಬಿಳಿ ಹಲಗೆ ಮುಂದೆ ನೋಡ್ತೀವಿ. ಅಣುವಿನ ಸೂತ್ರ ಕರೆಕ್ಟಾಗೇ ಇರುತ್ತೆ, ಆದರೆ ಒಂದು ಎಳೆ ತೇಲಿದರೂ ವಯಲ್ ಕಸಕ್ಕೆ. ಎಂಆರ್‌ಎನ್‌ಎ ಬದಲಾವಣೆಗೆ 2023ರಲ್ಲಿ ಕಾರಿಕೋ, ವೈಸ್‌ಮನ್ ಅವರಿಗೆ ನೊಬೆಲ್ ಬಂತು, ಬರಬೇಕಾದ್ದೇ. ಹೊತ್ತು ತಂದ ಲಿಪಿಡ್‌ನವರನ್ನ ಯಾರೂ ಕೇಳಲಿಲ್ಲ ಅನ್ನೋದು ನನ್ನ ತಕರಾರು.

ಗಾಂಧಿಬಜಾರ್_ಗಿರಾಕಿ

ಬರೆದಿದ್ದು ಚೆನ್ನಾಗಿದೆ ಸರ್. ಆದ್ರೆ ಎಲ್ಲಾ ಫಿಲಡೆಲ್ಫಿಯಾ ಪುರಾಣ. ನಮ್ಮೂರಲ್ಲಿ ಗಲ್ಲಿಗೊಂದು ಇನ್‌ಸ್ಟಿಟ್ಯೂಟ್ ಇದೆ, ವಾರಕ್ಕೊಂದು "ಬೆಂಗಳೂರು ವಿಜ್ಞಾನಿಗಳ ಸಾಧನೆ" ಅಂತ ಬರುತ್ತೆ. ಅದರಲ್ಲಿ ಒಂದಾದರೂ ಮೆಡಿಕಲ್ ಶಾಪ್ ತನಕ ಬಂದಿದ್ಯಾ?

ಜಿಕೆವಿಕೆ_ಗೇಟ್

ಮೆಡಿಕಲ್ ಶಾಪ್ ಅಲ್ಲ, ಗೊಬ್ಬರದ ಅಂಗಡಿ ಕಡೆ ನೋಡಿ ಅಂತೀನಿ. ನಾನು ಪಿಎಚ್‌ಡಿ ಮಾಡ್ತಿರೋದು ಬೇರೆ ಲ್ಯಾಬ್‌ನಲ್ಲಿ, ಹಾಗಾಗಿ ಇದು ಸ್ವಂತ ಪ್ರಚಾರ ಅಲ್ಲ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಕ್ಯಾಂಪಸ್ಸಿನ ಇನ್‌ಸ್ಟೆಮ್ ಅನ್ನೋ ಜೀವವಿಜ್ಞಾನ ಸಂಸ್ಥೆಯವರು 2018ರಲ್ಲಿ ಒಂದು ಜೆಲ್ ಬಗ್ಗೆ ಪ್ರಕಟಿಸಿದರು. ಚರ್ಮಕ್ಕೆ ಹಚ್ಚಿಕೊಳ್ಳೋದು, ಮೇಲೆ ಬಿದ್ದ ಕೀಟನಾಶಕವನ್ನ ಅದು ಅಲ್ಲೇ ಮುರಿದು ಹಾಕುತ್ತೆ. 2024ರಲ್ಲಿ ಅದೇ ರಸಾಯನವನ್ನ ಹತ್ತಿ ಬಟ್ಟೆಗೆ ರಾಸಾಯನಿಕ ಬಂಧದಿಂದಲೇ ಕಟ್ಟಿಹಾಕಿದ್ದು ನೇಚರ್ ಕಮ್ಯುನಿಕೇಷನ್ಸ್‌ನಲ್ಲಿ ಬಂತು. ಆ ಡಿಸೆಂಬರ್‌ನಲ್ಲಿ "ಕಿಸಾನ್ ಕವಚ್" ಅಂತ ಸೂಟ್ ಬಿಡುಗಡೆ ಆಯ್ತು. ಬೆಲೆ ಸುಮಾರು 4,000 ರೂಪಾಯಿ, ಒಗೆದು ಒಗೆದು ವರ್ಷದ ತನಕ ಹಾಕಿಕೊಳ್ಳಬಹುದು ಅಂತ ಹೇಳಿದ್ದಾರೆ.

ಒಳಗಿನ ವಿಚಾರ ಹೀಗೆ. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್, ಕ್ವಿನಾಲ್‌ಫಾಸ್ ಇವೆಲ್ಲ ಆರ್ಗನೋಫಾಸ್ಫೇಟ್ ಜಾತಿ. ನಮ್ಮ ನರಗಳು ಸ್ನಾಯುವಿಗೆ "ಬಿಗಿ" ಅಂತ ಹೇಳೋಕೆ ಅಸಿಟೈಲ್‌ಕೋಲಿನ್ ಬಿಡ್ತವೆ. ಹೇಳಿದ್ದು ಮುಗಿದ ಮೇಲೆ ಅದನ್ನ ಒಡೆದು ಹಾಕೋಕೆ ಒಂದು ಕಿಣ್ವ ಇದೆ. ಈ ವಿಷ ಹೋಗಿ ಆ ಕಿಣ್ವದ ಬಾಯಿಗೇ ಅಂಟಿಕೊಳ್ಳುತ್ತೆ. ಸಂದೇಶ ನಿಲ್ಲೋದೇ ಇಲ್ಲ. ಕಣ್ಣೀರು, ಜೊಲ್ಲು, ಬೆವರು, ಕಣ್ಣು ಮಂಜು, ಸ್ನಾಯು ಅದುರೋದು, ಕೊನೆಗೆ ಉಸಿರು ಕಟ್ಟೋದು. ಆಸ್ಪತ್ರೆಯಲ್ಲಿ ಅಟ್ರೋಪಿನ್ ಜೊತೆ ಪ್ರಾಲಿಡಾಕ್ಸಿಮ್ ಕೊಡ್ತಾರಲ್ಲ, ಅದು ಆಕ್ಸೈಮ್ ಅನ್ನೋ ಗುಂಪಿರೋ ಅಣು, ಕಿಣ್ವಕ್ಕೆ ಅಂಟಿದ ವಿಷವನ್ನ ಕೀಳೋಕೆ. ಇನ್‌ಸ್ಟೆಮ್‌ನವರು ಆಕ್ಸೈಮ್ ಬಟ್ಟೆಯ ನೂಲಲ್ಲೇ ಕೂತುಬಿಡಲಿ, ವಿಷ ಚರ್ಮ ಮುಟ್ಟೋ ಮೊದಲೇ ಒಡೀಲಿ ಅಂತ ಯೋಚಿಸಿದರು. ಮಾಮೂಲಿ ಸೂಟ್ ವಿಷವನ್ನ ತಡೆದು ನಿಲ್ಲಿಸುತ್ತೆ ಅಷ್ಟೆ, ಇದು ಮುರಿದು ಹಾಕುತ್ತೆ. ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಸಾವು ತಪ್ಪಿದೆ.

ಪೀಣ್ಯ ಸರ್ ಮಾತಿಗೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಆಕ್ಸೈಮ್ ಹಳೇ ಔಷಧಿ. ಹೊಸದು ಅದನ್ನ ಇಟ್ಟ ಜಾಗ.

ದ್ರಾಕ್ಷಿ_ದೊಡ್ಡಬಳ್ಳಾಪುರ

ನಾನು ಓದಿದ್ದು ಬಿಎ, ನಿಮ್ಮಷ್ಟು ಕೆಮಿಸ್ಟ್ರಿ ಗೊತ್ತಿಲ್ಲ. ಆದರೆ ಹೊಡೆಯೋನು ನಾನೇ, ಅದಕ್ಕೆ ಬರೀತಿದ್ದೀನಿ.

ದ್ರಾಕ್ಷಿ ಚಪ್ಪರದ ಕೆಳಗೆ ಹೊಡೆಯೋದು ಅಂದ್ರೆ ಗನ್ ತಲೆ ಮೇಲಕ್ಕೆ ಹಿಡೀಬೇಕು. ಹೊಡೆದದ್ದರಲ್ಲಿ ಒಂದು ಪಾಲು ವಾಪಸ್ ಮುಖಕ್ಕೇ, ಕುತ್ತಿಗೆಗೇ ಇಳಿಯುತ್ತೆ. ತೋಳು ಎತ್ತಿರ್ತೀವಿ, ನೀರು ಮುಂಗೈಯಿಂದ ಹರಿದು ಕಂಕುಳಿಗೆ ಬರುತ್ತೆ. ಪ್ಲಾಸ್ಟಿಕ್ ಕೋಟು ಹಾಕಿ ಅಂತ ಎಲ್ಲರೂ ಹೇಳ್ತಾರೆ. ಮಾರ್ಚ್ ಬಿಸಿಲಲ್ಲಿ ಅದನ್ನ ಹಾಕಿಕೊಂಡು ಒಂದು ಸಾಲು ಮುಗಿಸಲಿ ನೋಡೋಣ. ಅದಕ್ಕೇ ಹಳೇ ಷರ್ಟು, ತಲೆಗೊಂದು ಟವೆಲ್ಲು, ಅಷ್ಟೇ. ಸಂಜೆ ತಲೆ ಹಿಡಿದುಕೊಳ್ಳುತ್ತೆ, ಕಾಫಿ ಕುಡಿದು ಮಲಗ್ತೀವಿ.

ಹತ್ತಿ ಬಟ್ಟೆ ಅಂದ್ರಲ್ಲ, ಅದಕ್ಕೇ ಆಸೆ ಆಯ್ತು. ನನ್ನ ಪ್ರಶ್ನೆ: ನಾವು ದ್ರಾಕ್ಷಿಗೆ ಜಾಸ್ತಿ ಹೊಡೆಯೋದು ಬೂಜು ರೋಗಕ್ಕೆ, ಬೂದಿ ರೋಗಕ್ಕೆ. ಮ್ಯಾಂಕೋಜೆಬ್, ಬೋರ್ಡೋ, ಗಂಧಕ. ಹುಳಕ್ಕೆ ಇಮಿಡಾಕ್ಲೋಪ್ರಿಡ್. ಈ ಸೂಟು ಇವಕ್ಕೂ ಆಗುತ್ತಾ?

ಜಿಕೆವಿಕೆ_ಗೇಟ್

ಇಲ್ಲ ಅಣ್ಣ. ನೇರವಾಗಿ ಹೇಳಿಬಿಡ್ತೀನಿ. ಆಕ್ಸೈಮ್ ಮುರಿಯೋದು ರಂಜಕದ ಸುತ್ತ ಇರೋ ಒಂದು ನಿರ್ದಿಷ್ಟ ಬಂಧವನ್ನ. ಮ್ಯಾಂಕೋಜೆಬ್, ಇಮಿಡಾಕ್ಲೋಪ್ರಿಡ್‌ನಲ್ಲಿ ಆ ಬಂಧವೇ ಇಲ್ಲ. ಅವುಗಳ ಮಟ್ಟಿಗೆ ಇದನ್ನ ಬರೀ ದಪ್ಪ ಬಟ್ಟೆ ಅಂದುಕೊಳ್ಳಿ.

ನೀವು ತರೋ ಡಬ್ಬಿ ಯಾವ ಜಾತಿ ಅಂತ ನೋಡೋಕೆ ಒಂದು ಉಪಾಯ ಇದೆ. ಡಬ್ಬಿ ಮೇಲಿನ ಕೆಂಪು, ಹಳದಿ, ನೀಲಿ, ಹಸಿರು ಗುರುತು ವಿಷ ಎಷ್ಟು ತೀಕ್ಷ್ಣ ಅಂತ ಹೇಳುತ್ತೆ, ಜಾತಿ ಹೇಳಲ್ಲ. ಒಳಗೆ ಮಡಿಚಿಟ್ಟ ತೆಳು ಕಾಗದ ಬಿಚ್ಚಿ, ಪ್ರತಿವಿಷ ಅನ್ನೋ ಸಾಲು ಹುಡುಕಿ. ಅಟ್ರೋಪಿನ್ ಜೊತೆ 2-ಪ್ಯಾಮ್ (ಪ್ರಾಲಿಡಾಕ್ಸಿಮ್‌ನದೇ ಇನ್ನೊಂದು ಹೆಸರು) ಅಂತ ಇದ್ದರೆ ಸಾಮಾನ್ಯವಾಗಿ ಆರ್ಗನೋಫಾಸ್ಫೇಟ್. ಅಟ್ರೋಪಿನ್ ಒಂದೇ ಇದ್ದರೆ ಕಾರ್ಬಮೇಟ್ ಅನ್ನೋ ಬೇರೆ ಜಾತಿ ಇರಬಹುದು. ಆಸ್ಪತ್ರೆಗೆ ಹೋಗೋ ಸಂದರ್ಭ ಬಂದರೆ ಡಬ್ಬಿ, ಆ ಕಾಗದ ಎರಡನ್ನೂ ತಗೊಂಡು ಹೋಗಿ.

ಗಾಂಧಿಬಜಾರ್_ಗಿರಾಕಿ

ನೋಡಿ, ಇದೇ ನಾನು ಹೇಳಿದ್ದು. ಸುದ್ದಿಯಲ್ಲಿ "ಕೀಟನಾಶಕದಿಂದ ರೈತನಿಗೆ ರಕ್ಷಣೆ". ಕೇಳಿದರೆ ಒಂದು ಜಾತಿಗೆ ಮಾತ್ರ. 4,000 ರೂಪಾಯಿ ಕೊಟ್ಟವನಿಗೆ ಧೈರ್ಯ ಬಂದು, ಮ್ಯಾಂಕೋಜೆಬ್ ಹೊಡೆಯುವಾಗ ಇನ್ನೂ ಅಜಾಗ್ರತೆ ಮಾಡಿದರೆ?

ಪೀಣ್ಯ_ಕ್ಯೂಸಿ

ನ್ಯಾಯವಾದ ಮಾತು. ಆದರೆ 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿಗೆ ಹೊಡೆಯುವಾಗ ರೈತರು ಸತ್ತರಲ್ಲ, ಅಲ್ಲಿ ಬಳಸ್ತಿದ್ದ ಮಿಶ್ರಣಗಳಲ್ಲಿ ಪ್ರೊಫೆನೊಫಾಸ್ ಕೂಡ ಇತ್ತು. ಹತ್ತಿ ಸೀಮೆಗೆ ಇದರ ಬೆಲೆ ಬೇರೆ, ದ್ರಾಕ್ಷಿ ಸೀಮೆಗೆ ಬೇರೆ. ಡಬ್ಬಿಗೆ ತಕ್ಕ ಬಟ್ಟೆ ಅಂತ ಸೂಟಿನ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಅಚ್ಚು ಹಾಕಿದರೆ ಅರ್ಧ ತಲೆನೋವು ಕಮ್ಮಿ.

ಹಲ್ಲು_ಡಾಕ್ಟರ್_ಬಸವನಗುಡಿ

ಬೆಂಗಳೂರಿನದೇ ಇನ್ನೊಂದು. ಐಐಎಸ್‌ಸಿ ಮತ್ತು ಅಲ್ಲಿಂದಲೇ ಹುಟ್ಟಿದ ಥೆರನಾಟಿಲಸ್ ಅನ್ನೋ ಸ್ಟಾರ್ಟಪ್ 2025ರಲ್ಲಿ "ಕ್ಯಾಲ್‌ಬಾಟ್" ಅಂತ ಪ್ರಕಟಿಸಿದರು. ತಣ್ಣೀರು ತಾಗಿದರೆ ಜುಮ್ಮೆನ್ನೋ ಹಲ್ಲಿಗೆ. ದಂತದ ಒಳಪದರದಲ್ಲಿ ಸಾವಿರಾರು ಸೂಕ್ಷ್ಮ ಕೊಳವೆಗಳಿವೆ, ಎನಾಮಲ್ ಸವೆದಾಗ ಅವುಗಳ ಬಾಯಿ ತೆರೆದುಕೊಂಡು ಒಳಗಿನ ದ್ರವ ಅಲುಗಾಡುತ್ತೆ, ನರಕ್ಕೆ ಗೊತ್ತಾಗುತ್ತೆ. ಈಗ ನಾವು ಕೊಡೋ ಪೊಟ್ಯಾಸಿಯಂ ನೈಟ್ರೇಟ್ ಪೇಸ್ಟು, ಫ್ಲೋರೈಡ್ ವಾರ್ನಿಷ್ ಮೇಲ್ಮೇಲಿನ ಕೆಲಸ, ಕೆಲವು ತಿಂಗಳಿಗೆ ಮತ್ತೆ ಬರ್ತಾರೆ. ಇವರು 400 ನ್ಯಾನೋಮೀಟರ್ ಗಾತ್ರದ, ಕ್ಯಾಲ್ಸಿಯಂ ಸಿಲಿಕೇಟ್ ತುಂಬಿದ ಕಾಂತೀಯ ಕಣಗಳನ್ನ ಹೊರಗಿನ ಕಾಂತಕ್ಷೇತ್ರದಿಂದ ಕೊಳವೆಯೊಳಗೆ 300ರಿಂದ 500 ಮೈಕ್ರೋಮೀಟರ್ ಆಳಕ್ಕೆ ಎಳೆದಿದ್ದಾರೆ. ಅಲ್ಲಿ ಅವು ತಾವೇ ಸೇರಿಕೊಂಡು ಸಿಮೆಂಟಿನ ಬಿರಡೆ ಆಗ್ತವೆ.

ನನಗೆ ಇಷ್ಟವಾದದ್ದು ಇಲಿಗಳ ಪರೀಕ್ಷೆ. ಹಲ್ಲು ಜುಮ್ಮೆನ್ನುತ್ತಾ ಅಂತ ಇಲಿಯನ್ನ ಕೇಳೋಕಾಗಲ್ಲ. ತಣ್ಣೀರು, ಮಾಮೂಲಿ ನೀರು ಎರಡೂ ಇಟ್ಟರು. ಹಲ್ಲು ಕೆಟ್ಟ ಇಲಿಗಳು ತಣ್ಣೀರು ಬಿಟ್ಟುಬಿಟ್ಟವು. ಚಿಕಿತ್ಸೆ ಆದವು ಮತ್ತೆ ಕುಡಿಯೋಕೆ ಶುರು ಮಾಡಿದವು. ಎಷ್ಟು ನೇರ!

ಹಾಗಂತ ನಾಳೆ ಕ್ಲಿನಿಕ್‌ಗೆ ಬಂದು ಕೇಳಬೇಡಿ. ಬಿರಡೆ ಲ್ಯಾಬಲ್ಲಿ ನಿಂತಿದೆ. ನಿಂಬೆಹುಳಿ, ಕಾಫಿ, ರಾತ್ರಿಯಿಡೀ ಹಲ್ಲು ಕಡಿಯೋ ಐಟಿಯವರ ಬಾಯಲ್ಲಿ ವರ್ಷಾನುಗಟ್ಟಲೆ ನಿಲ್ಲಬೇಕು. ಅದನ್ನ ಮನುಷ್ಯರ ಮೇಲೆ ನೋಡದೆ ಹೇಳೋಕಾಗಲ್ಲ.

ವಿಜಯನಗರ_ಲೆಕ್ಚರರ್

ಪಿಯುಸಿಗೆ ಭೌತಶಾಸ್ತ್ರ ಪಾಠ ಮಾಡ್ತೀನಿ. ಎಲ್ಲರೂ ಏನು ಉಪಯೋಗ, ಅಂಗಡಿಗೆ ಬಂತಾ ಅಂತಿದ್ದೀರಿ. ಸ್ವಲ್ಪ ಜಗಳ ಆಡೋಣ ಅಂತ ಬಂದೆ.

ಪೀಣ್ಯದವರೇ, ನಿಮ್ಮ ಲಿಪಿಡ್ ಉಂಡೆಯ ಅಜ್ಜ ಲಿಪೋಸೋಮ್, ಜಿಡ್ಡಿನ ಪೊರೆಯ ಪುಟ್ಟ ಗುಳ್ಳೆ. 1960ರ ದಶಕದಲ್ಲಿ ಇಂಗ್ಲೆಂಡಿನ ಬಾಬ್ರಹಾಮ್‌ನಲ್ಲಿ ಅಲೆಕ್ ಬ್ಯಾಂಗಮ್ ಲೆಸಿಥಿನ್ ಅನ್ನೋ ಜಿಡ್ಡನ್ನ ನೀರಲ್ಲಿ ಕಲಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವಾಗ ಅವರ ತಲೆಯಲ್ಲಿ ಯಾವ ಔಷಧಿಯೂ ಇರಲಿಲ್ಲ. ಪೊರೆ ಹೇಗೆ ಕಟ್ಟಿಕೊಳ್ಳುತ್ತೆ ಅನ್ನೋ ಕುತೂಹಲ. ಅದರಿಂದ ಕ್ಯಾನ್ಸರ್ ಔಷಧಿ ಡಾಕ್ಸಿಲ್ ಬರೋಕೆ 1995 ಆಯ್ತು.

ನಮ್ಮೂರ ಕಥೆಯೂ ಹಾಗೇ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಸದಾಶಿವ, ಸುರೇಶ್ ಮೂವರು ತಟ್ಟೆಯಾಕಾರದ ಅಣುಗಳೂ ದ್ರವ ಸ್ಫಟಿಕ ಆಗ್ತವೆ, ಒಂದರ ಮೇಲೊಂದು ಕಂಬದ ಹಾಗೆ ಪೇರಿಸಿಕೊಳ್ತವೆ ಅಂತ ತೋರಿಸಿದರು. ಪ್ರಕಟಿಸಿದ್ದೂ ಇಲ್ಲಿನದೇ ಪತ್ರಿಕೆ "ಪ್ರಮಾಣ"ದಲ್ಲಿ. ಅಲ್ಲಿಯ ತನಕ ಕಡ್ಡಿಯಂಥ ಅಣುಗಳಷ್ಟೇ ಹಾಗಾಗೋದು ಅಂತ ನಂಬಿಕೆ. ಮುಂದೆ ಅಂಥ ಅಣುಗಳ ಪದರವನ್ನೇ ಎಲ್‌ಸಿಡಿ ಪರದೆಗೆ ಹಾಕಿ, ಪಕ್ಕದಿಂದ ನೋಡಿದರೂ ಚಿತ್ರ ಕಾಣೋ ಹಾಗೆ ಮಾಡಿದ್ದು ಜಪಾನಿನವರು. ಚಂದ್ರಶೇಖರ್ 1991ರಲ್ಲಿ ಶುರು ಮಾಡಿದ ಕೇಂದ್ರವೇ ಈಗ ತುಮಕೂರು ರಸ್ತೆ ಕಡೆ ಶಿವನಪುರದಲ್ಲಿರೋ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ.

ಇನ್ನೊಂದು, ನಾನು ಹುಡುಗರಿಗೆ ತೋರಿಸೋದು. 2014ರಲ್ಲಿ ಐಐಎಸ್‌ಸಿಯ ಶ್ರೀರಾಮ್ ರಾಮಸ್ವಾಮಿ, ಅಜಯ್ ಸೂದ್ ತಂಡ ಅದುರುವ ತಟ್ಟೆ ಮೇಲೆ ಅಲ್ಯೂಮಿನಿಯಂ ಗುಂಡುಗಳನ್ನ ಹರಡಿ, ಮಧ್ಯೆ ಒಂದು ತುದಿ ಸಣ್ಣಗಿರೋ ಹಿತ್ತಾಳೆ ಕಡ್ಡಿಗಳನ್ನ ಬಿಟ್ಟರು. ಕಡ್ಡಿಗಳು ತಾವೇ ಮುಂದಕ್ಕೆ ಓಡ್ತವೆ. ಕಡ್ಡಿ ಕೆಲವೇ ಇದ್ದರೂ, ಸುತ್ತ ಗುಂಡು ಸಾಕಷ್ಟಿದ್ದರೆ ಎಲ್ಲಾ ಒಂದೇ ದಿಕ್ಕಿಗೆ ತಿರುಗ್ತವೆ. ಗುಂಡುಗಳೇ ಸುದ್ದಿ ಮುಟ್ಟಿಸ್ತವೆ. ಜೀವಕೋಶದೊಳಗೆ ಶಕ್ತಿ ಉಂಡು ಓಡಾಡೋ ತಂತುಗಳಿಗೂ ಇದೇ ಬಗೆಯ ಗಣಿತ. ಬೆಂಗಳೂರಿನದೇ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ನ ಸತ್ಯಜಿತ್ ಮೇಯರ್, ಮದನ್ ರಾವ್ 2012ರಲ್ಲಿ ತೋರಿಸಿದ್ದೂ ಅದೇ: ಪೊರೆಯ ಮೇಲಿನ ಕೆಲವು ಪ್ರೋಟೀನ್‌ಗಳು ಗುಂಪು ಕಟ್ಟೋದು ತಮ್ಮಷ್ಟಕ್ಕೆ ಅಲ್ಲ, ಕೆಳಗಿನ ಆಕ್ಟಿನ್ ಅನ್ನೋ ಪ್ರೋಟೀನಿನ ತಂತುಗಳು ಅವನ್ನ ಎಳೆದು ಸೇರಿಸ್ತವೆ.

ಗಾಂಧಿಬಜಾರ್_ಗಿರಾಕಿ

ಮೇಷ್ಟ್ರೇ, ಹಿತ್ತಾಳೆ ಕಡ್ಡಿ ಚೆನ್ನಾಗಿದೆ. ಅದರಿಂದ ನನ್ನ ಅತ್ತೆಯ ಮಂಡಿನೋವು ಹೋಗುತ್ತಾ?

ವಿಜಯನಗರ_ಲೆಕ್ಚರರ್

ಹೋಗಲ್ಲ. ಮೇಷ್ಟ್ರಲ್ಲ ಸ್ವಾಮಿ, ಮೇಡಂ.

ಜಿಕೆವಿಕೆ_ಗೇಟ್

ಮೇಡಂ ಪರವಾಗಿ ಒಂದು ಸೇರಿಸ್ತೀನಿ. 2009ರಲ್ಲಿ ಬ್ರಾಂಗ್ವಿನ್, ಹೈಮನ್ ಮತ್ತವರ ಜೊತೆಗಾರರು ಒಂದು ಪುಟ್ಟ ಹುಳದ ಭ್ರೂಣದಲ್ಲಿ ಪಿ ಗ್ರಾನ್ಯೂಲ್ ಅನ್ನೋ ಕಣಗಳು ನಿಜಕ್ಕೂ ದ್ರವದ ಹನಿಗಳು ಅಂತ ತೋರಿಸಿದರು. ಒಂದಕ್ಕೊಂದು ತಾಗಿದರೆ ಸೇರಿಹೋಗ್ತವೆ, ತಳ್ಳಿದರೆ ಜಾರ್ತವೆ. ಕೋಶದ ಒಳಗೆ ಗೋಡೆಯೇ ಇಲ್ಲದ ಕೋಣೆಗಳಿವೆ ಅಂತ ಆಯ್ತು. 2015ರಲ್ಲಿ ಎಫ್‌ಯುಎಸ್ ಅನ್ನೋ ಪ್ರೋಟೀನಿನ ಹನಿಗಳನ್ನ ನೋಡ್ತಾ ಕೂತಾಗ ಅವು ಕ್ರಮೇಣ ಗಟ್ಟಿಯಾಗಿ ನಾರಾದವು. ಸ್ನಾಯು ಆಡಿಸೋ ನರಗಳು ಸಾಯೋ ಎಎಲ್‌ಎಸ್ ರೋಗಿಗಳಲ್ಲಿ ಕಂಡುಬರೋ ಜೀನ್ ರೂಪಾಂತರ ಇದ್ದರೆ ಇನ್ನೂ ಬೇಗ. ಹೆಪ್ಪಾದ ಹಾಲು ಮತ್ತೆ ಹಾಲಾಗಲ್ಲವಲ್ಲ, ಆ ಥರ. ನರ ಸಾಯೋ ರೋಗವನ್ನ ವಸ್ತುವಿನ ಸ್ಥಿತಿ ಬದಲಾಗೋದು ಅಂತ ನೋಡೋಕೆ ಶುರುವಾಗಿದ್ದು ಅಲ್ಲಿಂದ. ಬ್ರಾಂಗ್ವಿನ್, ಹೈಮನ್ ಇಬ್ಬರಿಗೂ 2023ರ ಬ್ರೇಕ್‌ಥ್ರೂ ಪ್ರಶಸ್ತಿ ಬಂತು. ಗಿರಾಕಿಗಳು ಕೇಳೋ ಮೊದಲೇ ಹೇಳ್ತೀನಿ: ಈ ದಾರಿಯ ಮದ್ದು ಇನ್ನೂ ಅಂಗಡಿಗೆ ಬಂದಿಲ್ಲ.

ದ್ರಾಕ್ಷಿ_ದೊಡ್ಡಬಳ್ಳಾಪುರ

ನಮಗೆ ಔಷಧಿಗಿಂತ ಜಾಸ್ತಿ ಭಯ ಹಾವಿಂದು. ಐಐಎಸ್‌ಸಿಯವರು ಎಲ್ಲಾ ಹಾವಿಗೂ ಒಂದೇ ಮದ್ದು ಕಂಡುಹಿಡಿದ್ರು ಅಂತ ವಾಟ್ಸಪ್ಪಲ್ಲಿ ಬಂದಿತ್ತು. ನಿಜವಾ?

ಜಿಕೆವಿಕೆ_ಗೇಟ್

ಅರ್ಧ ನಿಜ. 2024ರಲ್ಲಿ ಐಐಎಸ್‌ಸಿಯ ಕಾರ್ತಿಕ್ ಸುನಗರ್ ಲ್ಯಾಬ್ ಮತ್ತು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆ ಸೇರಿ 95ಮ್ಯಾಟ್5 ಅನ್ನೋ ಆಂಟಿಬಾಡಿ ಪ್ರಕಟಿಸಿದರು. ಮನುಷ್ಯರ ಆಂಟಿಬಾಡಿಗಳ ಕೃತಕ ಸಂಗ್ರಹವನ್ನ ಯೀಸ್ಟ್ ಕೋಶಗಳ ಮೈಮೇಲೆ ಮೂಡಿಸಿ, ಅದರೊಳಗಿಂದ ವಿಷ ಹಿಡಿಯೋದನ್ನ ಆರಿಸಿದ್ದು. ನಾಗರಹಾವು, ಕಟ್ಟುಹಾವು, ಆಫ್ರಿಕಾದ ಬ್ಲ್ಯಾಕ್ ಮಾಂಬಾ ಇವುಗಳಲ್ಲಿರೋ ಒಂದು ಬಗೆಯ ನರವಿಷವನ್ನ ಅದು ತಡೆಯುತ್ತೆ, ಇಲಿಗಳು ಬದುಕಿವೆ. ಆದರೆ ಕೊಳಕುಮಂಡಲದ ವಿಷ ಬೇರೆಯೇ, ಅದು ರಕ್ತ, ಕಿಡ್ನಿ ಕೆಡಿಸೋದು. ಅದಕ್ಕೆ ಇದು ಆಗಲ್ಲ.

ಈಗ ಆಸ್ಪತ್ರೆಯಲ್ಲಿ ಸಿಗೋ ಪ್ರತಿವಿಷ ಕುದುರೆಗೆ ವಿಷ ಕೊಟ್ಟು ಅದರ ರಕ್ತದಿಂದ ತೆಗೆದದ್ದು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಸೇರಿಸಿಯೇ ಮಾಡಿರ್ತಾರೆ. ಹೊಸದು ಬರೋ ತನಕ ಜೀವ ಉಳಿಸೋದು ಅದೇ. ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯ್ತಾರೆ ಅಂತ 2020ರ ಅಧ್ಯಯನ ಅಂದಾಜು ಮಾಡಿದೆ. ಕರ್ನಾಟಕ 2024ರಲ್ಲಿ ಹಾವು ಕಡಿತವನ್ನ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಪೀಣ್ಯ_ಕ್ಯೂಸಿ

ಇಲ್ಲೂ ನನ್ನ ಪುರಾಣವೇ. ಆ ಕುದುರೆ ಪ್ರತಿವಿಷ ಹಳ್ಳಿಯ ಆರೋಗ್ಯ ಕೇಂದ್ರದ ತನಕ ಬರೋದು ಅದನ್ನ ಒಣಪುಡಿ ಮಾಡಿರೋದರಿಂದ. ಫ್ರೀಜರ್ ಬೇಡ, ನೀರು ಬೆರೆಸಿದರೆ ಸಿದ್ಧ. ಕೋವಿಡ್ ಕಾಲದಲ್ಲಿ ಫೈಜರ್ ಲಸಿಕೆಗೆ ಮೈನಸ್ 70 ಡಿಗ್ರಿ ಬೇಕಿತ್ತು. 2022ರಲ್ಲಿ ತುರ್ತು ಒಪ್ಪಿಗೆ ಪಡೆದ ಪುಣೆಯ ಜೆನ್ನೋವಾದ ಎಂಆರ್‌ಎನ್‌ಎ ಲಸಿಕೆ 2ರಿಂದ 8 ಡಿಗ್ರಿಯಲ್ಲಿ, ಅಂದ್ರೆ ಮಾಮೂಲಿ ಫ್ರಿಜ್‌ನಲ್ಲಿ ಇಡೋ ಹಾಗಿತ್ತು. ನಾಳೆ ಈ ಹೊಸ ಆಂಟಿಬಾಡಿ ಔಷಧಿ ಆದರೂ, ಕರೆಂಟ್ ಹೋದ ಮಧ್ಯಾಹ್ನ ವಯಲ್‌ನಲ್ಲಿ ಗಂಟು ಕಟ್ಟದೆ ಉಳಿಯುತ್ತಾ ಅಂತ ನಾನು ಮೊದಲು ಕೇಳೋದು.

ದ್ರಾಕ್ಷಿ_ದೊಡ್ಡಬಳ್ಳಾಪುರ

ಸರಿ. ನಮ್ಮ ಪಕ್ಕದ ತೋಟದವರು ಟೊಮ್ಯಾಟೊ, ಬದನೆ ಹಾಕ್ತಾರೆ, ಅವರು ಪ್ರೊಫೆನೊಫಾಸ್ ಹೊಡೀತಾರೆ. ಅವರಿಗೆ ಹೇಳ್ತೀನಿ. ಆ ಸೂಟು ಕಣ್ಣಾರೆ ನೋಡೋಕೆ ಸಿಗುತ್ತಾ? ಮತ್ತೆ ಒಗೆಯೋದು ಹೇಗೆ? ನಮ್ಮಲ್ಲಿ ಎಲ್ಲಾ ಒಂದೇ ಬಕೆಟ್ಟು.

ಜಿಕೆವಿಕೆ_ಗೇಟ್

ನವೆಂಬರ್‌ನಲ್ಲಿ ಜಿಕೆವಿಕೆ ಕೃಷಿಮೇಳಕ್ಕೆ ಬರ್ತೀರಲ್ಲ, ಇನ್‌ಸ್ಟೆಮ್ ಅದೇ ಆವರಣದಲ್ಲಿದೆ. ಬರೋ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಒಗೆಯೋದಕ್ಕೆ ಸೂಟಿನ ಜೊತೆ ಬರೋ ಸೂಚನೆಯನ್ನೇ ಪಾಲಿಸಿ. ಸೂಟ್ ಇರಲಿ, ಹಳೇ ಷರ್ಟೇ ಇರಲಿ, ಹೊಡೆದ ದಿನವೇ ಬೇರೆ ಬಕೆಟ್‌ನಲ್ಲಿ, ಕೈಗೆ ಗ್ಲೌಸ್ ಹಾಕಿಕೊಂಡು ಒಗೀಬೇಕು. ಮಕ್ಕಳ ಬಟ್ಟೆ ಜೊತೆ ನೆನೆಹಾಕಬೇಡಿ. ಒಗೆಯೋರು ಮನೆಯಲ್ಲಿ ಯಾರು ಅಂತ ನೀವು ಹೇಳಲಿಲ್ಲ, ಗ್ಲೌಸ್ ಅವರಿಗೂ ಒಂದು ಜೊತೆ ತನ್ನಿ.